ಸಹಿ ಓದಲಾಗದ ಪತ್ರ

ಬಾಯಲ್ಲಿ ಕೇಳುವುದನ್ನು ಬಿಟ್ಟು ಕಾಗದದಲ್ಲಿ ಕೇಳೋಣ ಅಂದುಕೊಂಡದ್ದೇ ಉಮಾಕಾಂತನ ಕೇಡಿಗೆ ಮೂಲ.

ಪರದೇಶದ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಆ ಆಫೀಸಿನಲ್ಲಿ ನಡೆಯುತ್ತಿದ್ದದ್ದು ಹಳೇ ಕಾಗದಗಳ ಕೆಲಸ. ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಅಂಚೆ ಮಂತ್ರಿಯಾಗಿದ್ದ ಮಹಾಶಯನೊಬ್ಬನಿಗೆ ಬಂದ ಪತ್ರಗಳ ನಕಲುಗಳು ಪೆಟ್ಟಿಗೆಗಟ್ಟಲೆ ಬರುತ್ತಿದ್ದವು. ಪ್ರಗತಿ ಅವನ್ನು ಸ್ಕ್ಯಾನ್ ಮಾಡುವಳು; ಉಮಾಕಾಂತ, ಫೆಲಿಕ್ಸ್, ಪಕ್ಕದ ಹಾಲಿನ ಹತ್ತಾರು ಮಂದಿ ಟೈಪ್ ಮಾಡುವರು. ಎಲ್ಲದರದ್ದೂ ಒಂದೇ ರಾಗ: ‘ಚುನಾವಣೆಯಲ್ಲಿ ಊರಿಗೆ ಊರನ್ನೇ ನಿಮ್ಮ ಪಕ್ಷಕ್ಕೆ ತಿರುಗಿಸಿದೆ, ನನಗೊಂದು ಅಂಚೆಕಚೇರಿ ಕೊಡಿಸಿ.’ ಕೈ ಕಳೆದುಕೊಂಡ ಸಿಪಾಯಿ, ಗಂಡ ಸತ್ತ ಹೆಂಗಸು, ಯಾರ್ಯಾರೋ ಬರೆದಿದ್ದರು. ಮಂತ್ರಿ ಕೊಟ್ಟ ಉತ್ತರ ಮಾತ್ರ ಇನ್ನೂ ಒಂದೂ ಸಿಕ್ಕಿರಲಿಲ್ಲ. ಓದಿ ಓದಿ ಉಮಾಕಾಂತ ಊಟಕ್ಕೆ ಕೂತಾಗಲೂ ನಿಟ್ಟುಸಿರು ಬಿಡುತ್ತಿದ್ದ.

ಈಗ ಅವನ ಕಾಂಟ್ರಾಕ್ಟೇ ಮುಗಿಯುವುದರಲ್ಲಿತ್ತು. ಮುಂದಕ್ಕೆ ಯಾರು ಉಳಿಯುತ್ತಾರೆಂದು ಮ್ಯಾನೇಜರ್ ಅಭಯ್ ಇವತ್ತು ಸಂಜೆ ಹೇಳಬೇಕು. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಯಿತು. ಮಗಳು ಭಾವನಾಳ ಶಾಲೆ ಮುಗಿಯಲು ಇನ್ನೊಂದೇ ವರ್ಷ.

“ಹೋಗಿ ಕೇಳ್ರೀ, ಅವ್ರೇನ್ ಹುಲೀನಾ?” ಎಂದು ಹೆಂಡತಿ ವಿನೋದಿನಿ ಬೆಳಿಗ್ಗೆ ಊಟದ ಡಬ್ಬಿ ಕೊಡುವಾಗಲೇ ತಿವಿದಿದ್ದಳು. ಅಭಯನ ಬಾಗಿಲ ಮುಂದೆ ಉಮಾಕಾಂತ ಎರಡು ಸಲ ನಿಂತ. ಎರಡು ಸಲವೂ ಗಂಟಲು ನೀರಿಲ್ಲದ ನಲ್ಲಿಯಂತೆ ಬರೀ ಗಾಳಿ ಬಿಟ್ಟಿತು. ಕೊನೆಗೆ ಕೂತು ಇಂಗ್ಲಿಷಿನಲ್ಲಿ ಕೈಬರಹದ ಕಾಗದ ಶುರುಮಾಡಿದ.

ಪ್ರಗತಿ ಭುಜದ ಮೇಲಿಂದ ಬಗ್ಗಿ ನೋಡಿದಳು. “ಇಷ್ಟು ಡ್ರೈ ಆದ್ರೆ ಯಾರ್ ಕೊಡ್ತಾರೆ ಸಾರ್? ನಮ್ಮ ಲೆಟರ್ಸ್ ನೋಡಿ, ಹೇಗ್ ಕರಗಿಸ್ತಾರೆ. ‘ತಮ್ಮ ವಿಧೇಯ ಸೇವಕ’ ಅಂತ ಹಾಕಿ.”

“ಮಗಳನ್ನ ಸೇರಿಸು ಬ್ರದರ್,” ಎಂದು ಫೆಲಿಕ್ಸ್ ತನ್ನ ಪಾಲಿನದನ್ನೂ ಕೊಟ್ಟ. “ಅಭಯ್‌ಗೂ ಒಬ್ಬಳಿದ್ದಾಳೆ.”

ಇಬ್ಬರ ಉಪದೇಶವನ್ನೂ ತುಂಬಿಕೊಂಡ ಕಾಗದದಲ್ಲಿ ತಾರೀಖೂ ಅಭಯನ ಹೆಸರೂ ಹಾಕುವುದು ಮರೆತುಹೋಯಿತು. ಸಹಿ ಎಂದಿನಂತೆ ಕೋಳಿ ಕೆದರಿದ ಹಾಗೆ ಬಿತ್ತು.

“ಟೇಬಲ್ ಮೇಲಿಟ್ರೆ ಅವ್ರು ನೋಡಲ್ಲ. ಕೊಡಿ, ಸ್ಕ್ಯಾನ್ ಮಾಡಿ ಕಳಿಸ್ತೀನಿ,” ಎಂದು ಪ್ರಗತಿ ಕಾಗದ ಕಸಿದುಕೊಂಡು, ಹಳೇ ಪತ್ರಗಳಿಗೆ ದಿನವಿಡೀ ಒತ್ತುವ ಹಸಿರು ಗುಂಡಿಯನ್ನೇ ಒತ್ತಿದಳು. “ಹೋಯ್ತು ಸಾರ್.”

“ಅಸಾಂಟೆ,” ಎಂದು ಆ ದೇಶದ ಮಾತಿನಲ್ಲೇ ಥ್ಯಾಂಕ್ಸ್ ಹೇಳಿ ಉಮಾಕಾಂತ ಕೈಮುಗಿದ.

ಸಂಜೆ ಅಭಯ್ ಹೊರಬಂದ. ಕಣ್ಣು ಕೆಂಪಾಗಿತ್ತು. ಉಮಾಕಾಂತ ಎದ್ದು ನಿಂತ.

“ಇವತ್ತಿನ ಬ್ಯಾಚ್‌ನಲ್ಲಿ ಒಂದು ಲೆಟರ್ ಬಂದಿದೆ,” ಎಂದ ಅಭಯ್. “ಅಂಚೆ ಮಂತ್ರಿಗೆ ಯಾರೋ ಬರೆದಿದ್ದು. ‘ತಮ್ಮ ಬಾಗಿಲ ತನಕ ಎರಡು ಸಲ ಬಂದೆ, ಮಾತು ಹೊರಡಲಿಲ್ಲ. ಈ ಕೆಲಸ ಹೋದರೆ ಈ ದೇಶದಲ್ಲಿ ನಮಗೆ ಜಾಗವಿಲ್ಲ. ನನ್ನ ಮಗಳು...’ ಮುಂದೆ ಓದಕ್ಕಾಗ್ಲಿಲ್ಲ ನಂಗೆ. ಸಹಿ ಯಾರದ್ದೋ ಗೊತ್ತಾಗಲ್ಲ.”

ಪ್ರಗತಿ ಹಸಿರು ಗುಂಡಿಯ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಸಾರ್, ಅದು...” ಉಮಾಕಾಂತನಿಗೆ ಅಭಯನೆದುರು ಅಂದು ಮೊದಲ ಸಲ ಬಾಯಿ ಬಂತು.

“ಒಂದ್ನಿಮಿಷ ಉಮಾಕಾಂತ್, ನಿಮ್ಮ ವಿಷಯಾನೂ ಹೇಳ್ಬೇಕು. ಒಬ್ಬರನ್ನ ಉಳಿಸ್ಕೋಬಹುದು ಅಂತ ಮೇಲಿನವರು ಅಂದಿದ್ರು. ನೀವು ಬಂದು ಕೇಳ್ತೀರೇನೋ ಅಂತ ಕಾದೆ. ಒಂದು ಸಾಲೂ ಬರೀಲಿಲ್ಲ ನೀವು. ಊರಿಗೆ ಹೋಗೋ ಮನಸ್ಸಿರಬೇಕು ಅಂದ್ಕೊಂಡು ಬೇರೆಯವರ ಹೆಸರು ಕಳಿಸ್ಬಿಟ್ಟೆ. ಈಗ ತಾನೇ ಒಪ್ಪಿಗೆನೂ ಬಂತು.”

ಉಮಾಕಾಂತ ತನ್ನ ಕಂಪ್ಯೂಟರ್ ಆರಿಸಿದ.

ಅಭಯ್ ಕನ್ನಡಕ ಒರೆಸಿಕೊಳ್ಳುತ್ತ ಮತ್ತೆ ಆ ಪತ್ರಕ್ಕೇ ಹೋದ. “ಪಾಪ, ಆ ಮನುಷ್ಯನಿಗೆ ಕೆಲಸ ಸಿಕ್ತೋ ಇಲ್ವೋ.”

“ಸಿಗ್ಲಿಲ್ಲ ಸಾರ್.”

“ನಿಮಗೆ ಹೇಗ್ ಗೊತ್ತು? ಮಂತ್ರಿ ಉತ್ತರ ಸಿಕ್ತಾ?”

“ಈಗ ತಾನೇ ಸಿಕ್ತು,” ಎಂದು ಉಮಾಕಾಂತ ಖಾಲಿ ಡಬ್ಬಿ ಎತ್ತಿಕೊಂಡ.