ನಾಲ್ಕು ಗುಂಡಿ, ಮೂರು ಜೇಬು

ಐದನೇ ಕ್ಲಾಸಿಗೇ ಶಾಲೆಗೆ ಬೆನ್ನು ತಿರುಗಿಸಿದ ದರ್ಜಿ, ಇನ್ನೆಂದೂ ಅದರ ಹೊಸ್ತಿಲು ತುಳಿಯುವುದಿಲ್ಲವೆಂದು ಭೀಷಣ ಪ್ರತಿಜ್ಞೆ ಮಾಡಿದ್ದ. ಮೂವತ್ತೈದು ವರ್ಷ ಅದರ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಈಗ ಮಗಳು ತಂದ ಚೀಟಿ ಅದಕ್ಕೆ ಕತ್ತರಿ ಇಡಲು ಬಂದಿತ್ತು.

‘ಅಯಾನುಗಳ ಪರೀಕ್ಷೆಯಲ್ಲಿ ಮೂರನೇ ಸಲ ಫೇಲು. ನಾಳೆಯೂ ಫೇಲಾದರೆ ತಂದೆ ಬಂದು ಮಗಳ ಪಕ್ಕ ಕೂತು ಪಾಠ ಕೇಳತಕ್ಕದ್ದು’ ಎಂದು ವಿಜ್ಞಾನದ ಮೇಷ್ಟ್ರು ಬರೆದಿದ್ದರು.

“ಅಮ್ಮ ಬಂದ್ರೆ ಆಗಲ್ವಂತಾ?” ದರ್ಜಿ ಮಗಳನ್ನು ಕೇಳಿದ.

“ತಂದೆ ಅನ್ನೋದಕ್ಕೆ ಅಡಿಗೆರೆ ಎಳ್ದಿದಾರೆ,” ಅಂದಳು ಹೆಂಡತಿ, ಕಾಜಾ ಹೊಲಿಯುತ್ತಾ. “ಮೇಷ್ಟ್ರ ಪ್ಯಾಂಟು ಗಿಡ್ಡ ಹೊಲಿದು, ನಿಮ್ಮ ಕಾಲೇ ಉದ್ದ ಅಂತ ನೀವು ಕೂಗಾಡಿದ್ರಲ್ಲ, ಮರ್ತಿಲ್ಲ ಅವರು.”

ದರ್ಜಿ ಪುಸ್ತಕ ಕಿತ್ತುಕೊಂಡ. “ಏನೇ ಇದು?”

“ಕೆಲವು ಪರಮಾಣುಗಳು ಒಂದೇ ಮನೆಯವರ ಥರ ಗುಂಪಾಗೇ ಓಡಾಡ್ತವಪ್ಪಾ. ನೈಟ್ರೇಟ್ ಅಂದ್ರೆ ಒಂದು ನೈಟ್ರೋಜನ್, ಮೂರು ಆಕ್ಸಿಜನ್, ಗುಂಪಿಗೆಲ್ಲ ಸೇರಿ ಒಂದು ಮೈನಸ್ಸು. ಸಲ್ಫೇಟ್ ಅಂದ್ರೆ ಒಂದು ಗಂಧಕ, ನಾಲ್ಕು ಆಕ್ಸಿಜನ್, ಎರಡು ಮೈನಸ್ಸು. ಎಲ್ಲಾ ಕಲಸಿಹೋಗತ್ತೆ.”

ಹೊಲಿದು ನೇತುಹಾಕಿದ್ದ ಅಂಗಿಗಳ ಮೇಲೆ ದರ್ಜಿಯ ಕಣ್ಣು ಬಿತ್ತು. ಜ್ಞಾನೋದಯವಾಯಿತು. (ಅವನಿಗೆ ಜ್ಞಾನೋದಯವಾದಾಗಲೆಲ್ಲ ಹೆಂಡತಿ ಕತ್ತರಿ ಬಚ್ಚಿಡುತ್ತಾಳೆ. ಅಂದು ತಡವಾಯಿತು.)

“ಆಕ್ಸಿಜನ್ ಅಂದ್ರೆ ಗುಂಡಿ. ಮೈನಸ್ ಅಂದ್ರೆ ಖಾಲಿ ಜೇಬು. ಹಳದಿ ಅಂಗಿ ಗಂಧಕ, ನೀಲಿ ನೈಟ್ರೋಜನ್, ಬಿಳಿಯದು ರಂಜಕ. ಬರ್ಲಿ ಒಂದೊಂದೇ!”

ಹಳದಿ ಅಂಗಿಯಲ್ಲಿ ನಾಲ್ಕು ಗುಂಡಿ ಬಿಟ್ಟು ಮಿಕ್ಕಿದ್ದು ಕಿತ್ತ, ಎರಡು ಜೇಬು ಜಡಿದ. ಸಲ್ಫೇಟು. ನೀಲಿಗೆ ಮೂರು ಗುಂಡಿ, ಒಂದು ಜೇಬು. ನೈಟ್ರೇಟು.

“ರೀ, ಅವು ಗಿರಾಕಿಗಳದ್ದು!”

“ನಾಳೆ ಸರಿಮಾಡಿದ್ರಾಯ್ತು. ಪಾಠದ ಮಧ್ಯೆ ಬಾಯಿ ಹಾಕ್ಬೇಡ.”

ಸಲ್ಫೈಟಿನ ಹತ್ತಿರ ಪಿತ್ತ ನೆತ್ತಿಗೇರಿತು. “ಒಂದು ಗುಂಡಿ ಕಿತ್ಮೇಲೂ ಜೇಬು ಎರಡೇನಾ? ಯಾವ ಸೀಮೆ ಲೆಕ್ಕಾನೇ ಇದು?”

“ಹೆಸರಿನ ಕೊನೇಲಿ ‘ಏಟ್’ ಹೋಗಿ ‘ಐಟ್’ ಬಂದ್ರೆ ಗುಂಡಿ ಒಂದು ಕಮ್ಮಿ, ಜೇಬು ಅಷ್ಟೇ ಅಪ್ಪಾ.” ಮಗಳಿಗೆ ಆಗಲೇ ಬಂದುಬಿಟ್ಟಿತ್ತು.

ಫಾಸ್ಫೇಟಿಗೆ ಬಿಳಿ ಅಂಗಿ, ನಾಲ್ಕು ಗುಂಡಿ, ಮೂರು ಜೇಬು. ಮೂರನೆಯದಕ್ಕೆ ಎದೆಯಲ್ಲಿ ಜಾಗ ಸಾಲದೆ ಬೆನ್ನಿಗೆ ಹೊಲಿದ. ಕೊನೆಗೆ ಉಳಿದದ್ದು ಅಮೋನಿಯಂ: ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್, ಒಂದು ಪ್ಲಸ್ಸು.

“ಪ್ಲಸ್ಸಾ? ಎಲ್ರಿಗೂ ಮೈನಸ್ಸು, ಇವನೊಬ್ಬನಿಗೆ ಪ್ಲಸ್ಸಾ? ಇಂಥ ಅಂಗಿ ನನ್ನ ಅಂಗಡೀಲಿ ಹೊಲಿಯಲ್ಲ. ಬಿಡು ಅವನನ್ನ!”

“ಅದೊಂದನ್ನ ನಾನೇ ಬಾಯಿಪಾಠ ಮಾಡ್ಕೋತೀನಿ ಬಿಡಪ್ಪಾ.”

ಮರುದಿನ ಮಗಳಿಗೆ ಪೂರ್ತಿ ಅಂಕ. ದರ್ಜಿ ಅದನ್ನು ಬೀದಿಗೆಲ್ಲ ಸಾರಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅಂಗಡಿಯಲ್ಲಿ ಮೇಷ್ಟ್ರು ತಾವು ಹೊಲಿಯಲು ಕೊಟ್ಟಿದ್ದ ಬಿಳಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಹೊಟ್ಟೆಯ ಹತ್ತಿರ ಗಾಳಿಯಾಡುತ್ತಿತ್ತು. ಅವರು ಗುಂಡಿ ಎಣಿಸಿದರು, ಜೇಬು ಎಣಿಸಿದರು, ಬೆನ್ನು ತಡವಿಕೊಂಡರು. ಆಮೇಲೆ ಶಾಂತವಾಗಿ ದರ್ಜಿಯ ಮಗಳನ್ನು ಕೇಳಿದರು, “ನಾನು ಯಾರಮ್ಮಾ?”

“ಫಾಸ್ಫೇಟು ಸಾರ್.”

ಮೇಷ್ಟ್ರು ದರ್ಜಿಯ ಕಡೆ ತಿರುಗಿದರು. “ನಾಳೆ ಈ ಅಂಗಿಗಳನ್ನೆಲ್ಲ ತಗೊಂಡು ಶಾಲೆಗೆ ಬನ್ನಿ.”

“ಇವಳು ಪಾಸಾದ್ಲಲ್ಲ ಸ್ವಾಮಿ!”

“ಉಳಿದ ಮೂವತ್ತು ಮಕ್ಕಳು ಆಗಿಲ್ಲ. ಬರಲ್ಲ ಅಂದ್ರೆ ಹೇಳಿ, ಈ ಬೆನ್ನಿನ ಜೇಬಿನ ವಿಚಾರ ಮಾತಾಡೋಣ.”

ಹೋದ. ಸಲ್ಫೇಟಿನಿಂದ ಫಾಸ್ಫೇಟಿನವರೆಗೆ ಎತ್ತಿ ಎತ್ತಿ ತೋರಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಲೆ ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸತೊಡಗಿತು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು: “ಅಂಕಲ್, ಅಮೋನಿಯಂ ಎಷ್ಟು?”

ದರ್ಜಿ ಮಗಳನ್ನು ನೋಡಿದ. ಮಗಳು ಸೂರು ನೋಡಿದಳು. ಮೇಷ್ಟ್ರು ಮಗಳ ಪಕ್ಕದ ಜಾಗ ತೋರಿಸಿ, “ಕೂತ್ಕೊಳ್ಳಿ” ಅಂದರು.

ಆ ಸಂಜೆ ದರ್ಜಿ, ಮೇಷ್ಟ್ರು ಹೇಳಿದ್ದಂತೆ, ಅಮೋನಿಯಂ ಸೂತ್ರವನ್ನು ಹತ್ತು ಸಲ ಬರೆದ. ಎಂಟನೆಯದರಲ್ಲಿ ಪ್ಲಸ್ಸು ಇಲ್ಲವೆಂದು ಮಗಳು ಮೊದಲಿಂದ ಬರೆಸಿದಳು. ಕೆಳಗೆ ಪೋಷಕರ ಸಹಿ ಬೇಕಿತ್ತು. ಹೆಂಡತಿ ಹಾಕಿದಳು.