ಚಿಕ್ಕಪ್ಪನ ಮೂರು ದಿನದ ಟ್ರಯಲ್

ತಂತ್ರಾಂಶಗಳು ಮೂರಿದ್ದವೇ, ಅಥವಾ ನಾಲ್ಕೇ? ನೆನಪು ಮೂರು ಎನ್ನುತ್ತದೆ. ಆದರೆ ಕತೆ ಹೇಳುವಾಗ ಎಲ್ಲವೂ ಮೂರೇ ಆಗಿಬಿಡುತ್ತವೆ, ನಂಬಬೇಡಿ. ಇಷ್ಟನ್ನು ಮಾತ್ರ ನಂಬಿ: ಕಂಪ್ಯೂಟರಿನ ತಂತ್ರಾಂಶವನ್ನು ಅಡುಗೆ ಭಟ್ಟರ ಹಾಗೆ ಟ್ರಯಲ್ ನೋಡಿ ಕೆಲಸಕ್ಕೆ ಸೇರಿಸಿಕೊಂಡವರು ಇಡೀ ಡೊಂಬಿವಲಿಯಲ್ಲಿ ನನ್ನ ಚಿಕ್ಕಪ್ಪ ಒಬ್ಬರೇ!

ಸ್ಟೇಷನ್ ಹತ್ತಿರ ಅವರದೊಂದು ಉಡುಪಿ ಹೋಟೆಲು. ಆ ವರ್ಷ ಚಿಕ್ಕಮ್ಮ ಬಾತ್‌ರೂಮಿನಲ್ಲಿ ಜಾರಿ, ಸೊಂಟ ಮುರಿದು, ಮನೆಯ ಒಳಕೋಣೆಯಲ್ಲಿ ಮಲಗಿದ್ದರು. ಅವರಿಗೆ ಯಕ್ಷಗಾನ ನೋಡಬೇಕು. ಅದೆಲ್ಲ ಇದ್ದದ್ದು ಹಾಲ್‌ನ ಕಂಪ್ಯೂಟರಿನಲ್ಲಿ. ಅಲ್ಲಿಂದ ಒಳಗಿನ ಟಿವಿಗೆ ಕಳಿಸುವ ವ್ಯವಸ್ಥೆ ಮಾಡಲು ನಾನು ಥಾಣೆಯಿಂದ ಬಂದೆ.

"ಓಪನ್ ಸೋರ್ಸ್ ಹಾಕುವ, ಚಿಕ್ಕಪ್ಪ," ಎಂದೆ. "ದುಡ್ಡು ಕೊಡಬೇಕಿಲ್ಲ. ಹೇಗೆ ಮಾಡಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು."

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟರು. "ಫುಕಟ್? ಮೇಲಿಂದ ರೆಸಿಪಿಯನ್ನೂ ಕೊಡ್ತಾರಾ? ಅವರಿಗೆ ಮಂಡೆ ಸಮ ಉಂಟಾ ಮಾರಾಯ?"

ಆಘಾತ ಸಹಜವೇ. ಮೂವತ್ತು ವರ್ಷಗಳಿಂದ ಅಡುಗೆಮನೆಯ ಚಿಲಕ ಹಾಕಿಕೊಂಡು ತಮ್ಮ ಸಾಂಬಾರು ಪುಡಿಯನ್ನು ತಾವೇ ಹುರಿದು ಮಾಡುವವರು! ಭಟ್ಟರಿಗೂ ಹೇಳಿಲ್ಲ, ಚಿಕ್ಕಮ್ಮನಿಗೂ ಹೇಳಿಲ್ಲ. ಕೇಳಿದರೆ, "ಅವಳ ಅಣ್ಣನದ್ದು ಕಲ್ಯಾಣದಲ್ಲಿ ಹೋಟೆಲ್ ಉಂಟಲ್ಲ!"

ಹೊಸ ಭಟ್ಟರಿಗೆ ಅವರಲ್ಲಿ ಮೂರು ದಿನದ ಪರೀಕ್ಷೆ. ಮೊದಲ ದಿನ ಚಟ್ನಿ, ಎರಡನೆಯ ದಿನ ದೋಸೆ, ಮೂರನೆಯ ದಿನ ಭಾನುವಾರದ ರಶ್ಶು. ತಂತ್ರಾಂಶಕ್ಕೂ ಅದೇ! ಒಂದು ಹಾಡು, ಒಂದು ಪೂರ್ತಿ ಪ್ರಸಂಗ, ಆಮೇಲೆ ಟಿವಿ, ಮೊಬೈಲು, ನನ್ನ ಲ್ಯಾಪ್‌ಟಾಪು ಮೂರಕ್ಕೂ ಒಟ್ಟಿಗೆ ಬಡಿಸಬೇಕು.

ಮೊದಲನೆಯದರಲ್ಲಿ ವೇಷಧಾರಿ ಬಾಯಿ ಮುಚ್ಚಿದ ಮೇಲೆ ಮಾತು ಬಂತು.

"ಗಿರಾಕಿ ಎದ್ದು ಹೋದ ಮೇಲೆ ದೋಸೆ ತರುವವ ಇವ. ಕ್ಯಾನ್ಸಲ್!"

ಎರಡನೆಯದು ಹೆಸರು, ಈಮೇಲು ಕೇಳಿತು.

"ಇಡ್ಲಿ ತಿನ್ನಲಿಕ್ಕೆ ಬಂದವರ ಗೋತ್ರ ಕೇಳ್ತೇವಾ ನಾವು?"

ಒಳಗಿಂದ ಚಿಕ್ಕಮ್ಮ ಕೂಗಿದರು: "ಹೋಯ್, ನಾನು ಎದ್ದು ಓಡಾಡಿದ ಮೇಲೆ ಹಾಕ್ತೀರಾ?"

ಮೂರನೆಯದು (ಅಥವಾ ನಾಲ್ಕನೆಯದು) ಭಾನುವಾರದ ಪರೀಕ್ಷೆಯನ್ನೂ ದಾಟಿತು. "ಇವ ಇರಲಿ," ಎಂದರು ಚಿಕ್ಕಪ್ಪ. ನನ್ನನ್ನು ಟಿವಿ ನೋಡಿಕೊಳ್ಳಲು ಒಳಗೆ ಕಳಿಸಿ, ಫೈಲನ್ನು ತಾವೇ ಒತ್ತಿದರು.

ತೆರೆಯ ಮೇಲೆ ಯಕ್ಷಗಾನವಿಲ್ಲ. ಬನಿಯನ್ ತೊಟ್ಟ ಚಿಕ್ಕಪ್ಪ! ಹಿಂದೆ ಅಡುಗೆಮನೆಯ ಬಾಗಿಲು, ಚಿಲಕ ಹಾಕಿದೆ. ಮೊಬೈಲನ್ನು ಯಾವುದಕ್ಕೋ ಒರಗಿಸಿಟ್ಟು ತಾವೇ ತೆಗೆದದ್ದಿರಬೇಕು. ಬಾಣಲೆಯ ಮುಂದೆ ನಿಂತು ಹೇಳುತ್ತಿದ್ದಾರೆ: "ಇದು ಕೊತ್ತಂಬರಿ. ಇಷ್ಟು. ಸಣ್ಣ ಉರಿ. ಸರಿ ನೋಡಿಕೋ."

ನಾನು ದಂಗಾದೆ. ಚಿಕ್ಕಮ್ಮ ಗಾಬರಿಯಾಗಿ ಹೊರಗೆ ಕೂಗಿದರು.

"ಹೋಯ್! ನಾನು ಸಾಯ್ತೇನೆ ಅಂತ ಡಾಕ್ಟ್ರು ಹೇಳಿದ್ರಾ?"

"ಇಲ್ಲ ಮಾರಾಯ್ತಿ," ಹಾಲ್‌ನಿಂದ ಉತ್ತರ. "ಓಪನ್ ಸೋರ್ಸ್, ಅಷ್ಟೇ."

ಚಿಕ್ಕಮ್ಮ ತೆರೆಯಿಂದ ಕಣ್ಣು ತೆಗೆಯದೆ ನನಗೆ ಹೇಳಿದರು: "ನೀನು ಹೊರಗೆ ಹೋಗು ಮಗಾ. ಬಾಗಿಲು ಹಾಕಿಕೋ."

ಬಾಗಿಲು ಎಳೆದುಕೊಳ್ಳುವಾಗ ತೆರೆಯ ಮೇಲಿನ ಚಿಕ್ಕಪ್ಪ ಹೆಸರು ಬರೆಯದ ಸಣ್ಣ ಡಬ್ಬಿಯೊಂದಕ್ಕೆ ಕೈ ಚಾಚಿದ್ದರು. ಹಾಲ್‌ನ ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತಿದ್ದರು.

"ಸೌಂಡ್ ಸರಿ ಬರ್ತದಾ ಅವಳಿಗೆ?"

ಹೂಂ ಎಂದೆ.

ಕಲ್ಯಾಣದಲ್ಲಿ ಚಿಕ್ಕಮ್ಮನ ಅಣ್ಣನ ಹೋಟೆಲಿನ ಸಾಂಬಾರು ಇವತ್ತಿಗೂ ಮೊದಲಿನ ಹಾಗೆಯೇ ಇದೆ. ಡಬ್ಬಿಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.