ಒಂಬತ್ತನೇ ಸಂಪುಟವನ್ನೇ ಮೊದಲು ಓದಿದವರ ಬಗ್ಗೆ

ಗ್ರಾಮಾಂತರ ಓದು ನಿಯಂತ್ರಣ ಇಲಾಖೆ
ಶಾಖಾ ಗ್ರಂಥಾಲಯ, ಪಾಲಹಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕು

ಸಂಖ್ಯೆ: ಓನಿ/ಪಾಲ/ಯಾಳಿ/09/1994-95
ದಿನಾಂಕ: 14-11-1994

ವಿಷಯ: ಹನ್ನೆರಡು ಸಂಪುಟಗಳ 'ಯಾಳಿಗಿರಿ' ಕಾದಂಬರಿ ಮಾಲೆಯನ್ನು ಓದತಕ್ಕ ಕ್ರಮ ಹಾಗೂ ಮುಂದಿನ ಕಥೆ ಬಾಯಿಬಿಡುವುದರ ನಿಷೇಧ.

ಉಲ್ಲೇಖ: 1. ಶ್ರೀಮತಿ ಚಿಕ್ಕಬೋರಮ್ಮನವರ ಮೌಖಿಕ ದೂರು, ದಿ. 9-11-1994 (ಕಣ್ಣೀರು ಸಹಿತ).
2. ಪಶುವೈದ್ಯರ ವರದಿ: ಕರುವಿಗೆ ಯಾವ ಕಾಯಿಲೆಯೂ ಇಲ್ಲ.

ಪಾಲಹಳ್ಳಿಯ ಚಿಕ್ಕಬೋರಮ್ಮನವರು ಅಕ್ಷರ ಬಾರದಿದ್ದರೂ ಮೊಮ್ಮಗಳು ಶ್ವೇತಳಿಂದ ದಿನಾ ಸಂಜೆ ಓದಿಸಿ ಕೇಳುತ್ತ ಸದರಿ ಮಾಲೆಯ ನಾಲ್ಕನೇ ಸಂಪುಟ ಮುಟ್ಟಿದ್ದು, ಸಿಂಹದ ಮೈಯ, ಆನೆಸೊಂಡಿಲಿನ ಯಾಳಿಯ ಮೇಲೆ ಸವಾರಿ ಮಾಡುವ ರಾಣಿ ಮಾಳವ್ವೆಯನ್ನು ಮೆಚ್ಚಿ ತಮ್ಮ ಹೆಣ್ಣುಗರುವಿಗೆ ಅದೇ ಹೆಸರಿಟ್ಟಿರುತ್ತಾರೆ. ಹೀಗಿರುವಲ್ಲಿ, ಅದೇ ಊರಿನ ಚಲುವರಾಜು ಎಂಬುವರು ಎಲ್ಲಕ್ಕಿಂತ ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಒಂಬತ್ತನೇ ಸಂಪುಟವನ್ನು ಎರವಲು ಪಡೆದು, ಬೆಳಿಗ್ಗೆ ಹಾಲಿನ ಡೇರಿ ಸಾಲಿನಲ್ಲಿ ನಿಂತು, "ಮಾಳವ್ವೆ ಸತ್ತೋದ್ಲು ಕಣ್ರಲಾ, ಎದೆಗೇ ಬಾಣ" ಎಂದು ಸಾರಿರುವುದು ವರದಿಯಾಗಿದೆ.

ಚಿಕ್ಕಬೋರಮ್ಮನವರು ಹಾಲು ಅಳೆಯದೆ ಕ್ಯಾನು ಎತ್ತಿಕೊಂಡು ಮನೆಗೆ ಹೋದವರು ಐದು ದಿನದಿಂದ ಡೇರಿಗೂ ಬಂದಿಲ್ಲ, ಕಥೆಯನ್ನೂ ಕೇಳಿಲ್ಲ. ಕರುವಿನ ಪಕ್ಕ ಬಿಟ್ಟು ಏಳುತ್ತಿಲ್ಲ. "ಸಾಯೋಳ ಎಸ್ರ ನನ್ ಕರುಗೆ ಮಡಗ್ಬುಟ್ನಲ್ಲಪ್ಪಾ, ಇನ್ ಅದು ಉಳೀತದಾ?" ಎಂಬುದು ಅವರ ಹೇಳಿಕೆ. ಇದನ್ನು ಕೇಳಿ ಇಲಾಖೆಯ ಕರುಳು ಚುರುಕ್ ಎಂದಿರುತ್ತದೆ. ಆದಕಾರಣ ಸಮಸ್ತ ಓದುಗರಿಗೆ ಈ ಮೂಲಕ ಸೂಚಿಸಲಾಗಿದೆ:

1. ಸಂಪುಟಗಳನ್ನು ಒಂದರಿಂದ ಹನ್ನೆರಡರವರೆಗೆ ಅದೇ ಕ್ರಮದಲ್ಲಿ ಓದತಕ್ಕದ್ದು. ದಪ್ಪ, ಮುಖಚಿತ್ರ, ಬಸ್ಸು ಬರುವಷ್ಟರಲ್ಲಿ ಕೈಗೆ ಸಿಕ್ಕಿದ್ದು ಎಂಬ ಸಬೂಬುಗಳನ್ನು ಮಾನ್ಯ ಮಾಡಲಾಗುವುದಿಲ್ಲ.

2. ಮೂರನೇ ಸಂಪುಟದ ರಾಜವಂಶಾವಳಿ ತಲೆಗೆ ಹತ್ತದವರು, ಮದುವೆ ಸಂಬಂಧ ಕುದುರಿಸುವ ಮಂಚಯ್ಯನವರನ್ನು ಕಾಣತಕ್ಕದ್ದು. ಅವರು ಪುಸ್ತಕ ಓದಿಲ್ಲ. ಆದರೂ ಯಾರಿಗೆ ಯಾರು ಏನಾಗಬೇಕೆಂದು ಹೇಳಬಲ್ಲರು.

3. ಮುಂದೆ ಓದಿದವರು ಡೇರಿ ಸಾಲಿನ ಕಟ್ಟಕಡೆಗೆ ನಿಲ್ಲತಕ್ಕದ್ದು. ಹಿಂಡಿ, ಬೂಸ, ನಾಲೆ ನೀರಿನ ಹೊರತು ಬೇರೆ ಮಾತಾಡಕೂಡದು. ನಿಟ್ಟುಸಿರು ಬಿಡುವುದು, ತಲೆಯಾಡಿಸುವುದು, "ನಾನೇನೂ ಯೋಳಕ್ಕಿಲ್ಲ ಬುಡಪ್ಪ" ಎನ್ನುವುದು, ಇವೆಲ್ಲವೂ ಹೇಳಿದಂತೆಯೇ.

4. ಪಾತ್ರಗಳು ಸತ್ತಲ್ಲಿ ಓದುಗರು ಒಂದು ಹೊತ್ತಿನ ಊಟ ಬಿಡಬಹುದು. ತಲೆ ಬೋಳಿಸಲು, ತಿಥಿಯೂಟ ಹಾಕಿಸಲು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಬೆಳಗೊಳದಲ್ಲಿ ಎರಡನೇ ಸಂಪುಟದ ಮಂತ್ರಿಗೆ ನಡೆದ ತಿಥಿಯನ್ನು ಪೂರ್ವನಿದರ್ಶನವೆಂದು ತೋರಿಸಕೂಡದು. ಅಲ್ಲಿ ಇಲಾಖೆಯೂ ಉಂಡಿದ್ದು ಬೇರೆ ವಿಷಯ.

5. ಹನ್ನೆರಡೂ ಸಂಪುಟ ಮುಗಿಯುವವರೆಗೆ ಕರು, ಕುರಿ, ಟ್ರಾಕ್ಟರುಗಳಿಗೆ ಪಾತ್ರಗಳ ಹೆಸರಿಡಕೂಡದು.

6. ಬಾಣ ನಾಟಿದ 412ನೇ ಪುಟದಲ್ಲೇ ದುಃಖ ತಾಳದೆ ಪುಸ್ತಕ ಮುಚ್ಚಿ ಡೇರಿಗೆ ಓಡಿದ್ದಾಗಿ ಚಲುವರಾಜು ವಿಚಾರಣೆಯಲ್ಲಿ ಒಪ್ಪಿರುತ್ತಾರೆ. ಉಳಿದ ನಾಲ್ಕು ಪುಟಗಳನ್ನು ಇಲಾಖೆಯೇ ಕಚೇರಿ ವೇಳೆಯಲ್ಲಿ, ಬಾಗಿಲು ಹಾಕಿಕೊಂಡು ಓದಿರುತ್ತದೆ. ಅವುಗಳಲ್ಲಿ ಇರುವುದನ್ನು ಯಾವ ಕಾರಣಕ್ಕೂ, ಯಾರಿಗೂ ತಿಳಿಸತಕ್ಕದ್ದಲ್ಲ.

7. ಮಾಳವ್ವೆ ಸತ್ತಿಲ್ಲ. ಯಾಳಿ ಬಂದು ಹೊತ್ತೊಯ್ದಿದೆ, ಕಣ್ಣು ಬಿಟ್ಟಿದ್ದಾಳೆ.

ಸಹಿ/-
(ಶಿವಲಿಂಗಯ್ಯ)
ಶಾಖಾ ಮೇಲ್ವಿಚಾರಕರು

ಪ್ರತಿಗಳು:
1. ಕು. ಶ್ವೇತ: ಕಲಂ 7ನ್ನು ಅಜ್ಜಿಗೆ ಮೊದಲು ಓದಿ ಹೇಳುವುದು. ಮಿಕ್ಕಿದ್ದು ಆಮೇಲೆ.
2. ಪಶುವೈದ್ಯರು: ಮಾಹಿತಿಗಾಗಿ.
3. ಶ್ರೀ ಮಂಚಯ್ಯ: ವಂಶಾವಳಿಯೊಂದಿಗೆ.
4. ಡೇರಿ ಕಾರ್ಯದರ್ಶಿಗಳು: ಕಲಂ 6ನ್ನು ಉಲ್ಲಂಘಿಸಿದ ಮೇಲ್ಕಂಡ ಸಹಿದಾರರು ಕಲಂ 3ರಂತೆ ನಾಳೆ ಬೆಳಿಗ್ಗೆಯಿಂದ ಚಲುವರಾಜು ಅವರ ಹಿಂದೆ ನಿಲ್ಲುವರು.